ಹಳದಿ ಮೂತಿಯ ಇಂಜಿನ್ನಿಗೆ ಕೆನೆ ಬಳಿದವರಿಗೆ

ಗೆ,
ಬಣ್ಣ ನಿಖರತಾ ವಿಭಾಗದ ಮುಖ್ಯಸ್ಥರು,
ಪುಟಾಣಿ ರೈಲು ಇಂಜಿನ್ನುಗಳ ತಯಾರಕರು.

ಮಾನ್ಯರೇ,

ತಮಗೂ, ತಮ್ಮ ವಿಭಾಗದ ಸಮಸ್ತ ಸಿಬ್ಬಂದಿಗೂ, ತಮ್ಮ ಮೇಜಿನ ಮೇಲಿರುವ ಬಣ್ಣ ಅಳೆಯುವ ಯಂತ್ರಕ್ಕೂ ನನ್ನ ಅನಂತ ನಮಸ್ಕಾರಗಳು. ಯಂತ್ರವನ್ನು ಕೊನೆಯಲ್ಲಿ ಹೆಸರಿಸಿದ್ದಕ್ಕೆ ಅದು ಬೇಸರಪಟ್ಟುಕೊಳ್ಳಬಾರದಾಗಿ ವಿನಂತಿ. ನನಗೆ ಇದುವರೆಗೆ ಬಂದ ಮೂರು ಉತ್ತರಗಳನ್ನೂ ಬರೆದದ್ದು ಅದೇ ಇರಬೇಕೆಂಬ ಗುಮಾನಿ ನನಗಿರುವುದರಿಂದ, ನ್ಯಾಯವಾಗಿ ಮೊದಲ ನಮಸ್ಕಾರ ಅದಕ್ಕೇ ಸಲ್ಲಬೇಕಿತ್ತು. ಈ ಪತ್ರವನ್ನು ಲಕೋಟೆಯಲ್ಲಿ ಹಾಕಿ ತಮಗೊಬ್ಬರಿಗೇ ಕಳಿಸದೆ ಊರೆಲ್ಲ ಓದುವ ಹಾಗೆ ಬರೆಯುತ್ತಿರುವುದಕ್ಕೂ ಕ್ಷಮೆಯಿರಲಿ. ತಾವು ಮೂರು ಉತ್ತರಗಳಲ್ಲಿಯೂ ‘ತಮ್ಮ ಅಭಿಪ್ರಾಯ ನಮಗೆ ಅಮೂಲ್ಯ’ ಎಂದು ತಪ್ಪದೆ ಬರೆದಿದ್ದೀರಿ. ಅಷ್ಟು ಅಮೂಲ್ಯವಾದದ್ದನ್ನು ನಾವಿಬ್ಬರೇ ಬಚ್ಚಿಟ್ಟುಕೊಳ್ಳುವುದು ಸರಿಯಲ್ಲವೆನಿಸಿತು.

ಮೊದಲು ನನ್ನ ಪರಿಚಯ. ರೈಲು ಇಂಜಿನ್ ಕಾರ್ಖಾನೆಯ ಬಣ್ಣದ ಶೆಡ್ಡಿನಲ್ಲಿ ಮೂವತ್ತೈದು ವರ್ಷ ಬಣ್ಣ ಕಲಸಿದವನು ನಾನು. ಬಳಿಯುವವರು ಬೇರೆಯೇ ಇದ್ದರು. ಆದರೆ ಆಳು ಕಡಿಮೆ ಬಿದ್ದ ದಿನ ನಾನೂ ಬ್ರಷ್ಷು ಹಿಡಿಯುತ್ತಿದ್ದೆ. ಶೆಡ್ಡಿನಲ್ಲಿ ಎಲ್ಲರೂ ನನ್ನನ್ನು ‘ಡಬ್ಬಿ’ ಎಂದೇ ಕರೆಯುತ್ತಿದ್ದರು. ನಿವೃತ್ತನಾಗಿ ಹನ್ನೊಂದು ವರ್ಷವಾದರೂ ಬೀದಿಯಲ್ಲಿ ಯಾರಾದರೂ ಹೊಸದಾಗಿ ಗೇಟಿಗೆ ಬಣ್ಣ ಹೊಡೆಸಿದರೆ ನನ್ನ ಕಾಲು ತಾನಾಗಿ ನಿಲ್ಲುತ್ತದೆ, ಬಾಯಿ ತಾನಾಗಿ ತೆರೆಯುತ್ತದೆ, ನನ್ನ ಮನೆಯವಳು ನನ್ನ ತೋಳು ಹಿಡಿದು ಎಳೆದುಕೊಂಡು ಹೋಗುತ್ತಾಳೆ. ಇಷ್ಟು ಹೇಳಿದ್ದು ಹೆಚ್ಚುಗಾರಿಕೆಗಲ್ಲ. ತಮ್ಮ ಮೂರನೆಯ ಉತ್ತರದಲ್ಲಿ ‘ಹವ್ಯಾಸಿ ಮಿತ್ರರೇ’ ಎಂದು ಪ್ರೀತಿಯಿಂದ ಕರೆದಿದ್ದೀರಿ, ಆ ಪದವಿಗೆ ನಾನು ಅರ್ಹನಲ್ಲ ಎಂದು ತಿಳಿಸುವುದಕ್ಕೆ.

ತಮ್ಮ ಕಂಪನಿ ಈ ವರ್ಷ ಹೊರತಂದ ನಾನೂರ ಹನ್ನೊಂದನೇ ನಂಬರಿನ ವಿದ್ಯುತ್ ಇಂಜಿನ್ನಿನ ಮಾದರಿಯನ್ನು ನಾನು ಭೂತಗನ್ನಡಿ ಹಿಡಿದು ನೋಡಿದ್ದೇನೆ. ಹೊಗಳದೆ ಇರಲಾರೆ. ನಿಜವಾದ ಇಂಜಿನ್ನಿನ ಎಂಬತ್ತೇಳರಲ್ಲಿ ಒಂದು ಪಾಲಿನಷ್ಟಿರುವ ಆ ಪುಟ್ಟ ಒಡಲಿನಲ್ಲಿ ಒಂದೊಂದು ರಿವೆಟ್ಟೂ ಇದೆ. ಮೇಲಿನ ತಂತಿಯಿಂದ ಕರೆಂಟು ಎಳೆಯುವ ಚೌಕಟ್ಟು ಬೆರಳು ತಾಗಿಸಿದರೆ ಏಳುತ್ತದೆ, ಇಳಿಯುತ್ತದೆ. ಕಿಟಕಿಯ ವೈಪರು ಕೂದಲೆಳೆಯಷ್ಟು ತೆಳ್ಳಗಿದೆ. ಒಳಗೆ ಕೂತ ಚಾಲಕನ ಮುಖದಲ್ಲಿ ಮೀಸೆಯಿದೆ, ಆ ಮೀಸೆಯಲ್ಲಿ ಡ್ಯೂಟಿ ಮುಗಿಯಲು ಇನ್ನೂ ನಾಲ್ಕು ತಾಸು ಇದೆ ಎಂಬ ಬೇಸರವೂ ಇದೆ. ಪೆಟ್ಟಿಗೆಯೊಳಗೆ ತಮ್ಮದೇ ಸಹಿಯಿರುವ ಪ್ರಮಾಣಪತ್ರವೂ ಇದೆ: ‘ಬಣ್ಣ ನೂರಕ್ಕೆ ನೂರು ನೈಜ’. ಇಷ್ಟೆಲ್ಲ ಮಾಡಿದ ಮೇಲೆ ತಾವು ಇಂಜಿನ್ನಿನ ಮೂತಿಗೆ ಬಳಿದದ್ದು ಕೆನೆ ಬಣ್ಣ. ಅದು ಹಳದಿ, ಮಾನ್ಯರೇ.

ಒಂದು ಬಣ್ಣಕ್ಕೆ ಇಷ್ಟು ರಾದ್ಧಾಂತವೇ ಎಂದು ತಾವು ಕೇಳಬಹುದು. ತಾವು ಕೇಳದಿದ್ದರೂ ನಾನು ಹೇಳಲೇಬೇಕು.

ನನಗೊಬ್ಬ ಅಣ್ಣನಿದ್ದಾನೆ. ಈಗ ಎಪ್ಪತ್ತೈದು ತುಂಬಿದೆ. ಪ್ರಾಯದಲ್ಲಿ ಅವನು ಹಳಿ ನೋಡಿಕೊಳ್ಳುವ ಗ್ಯಾಂಗ್‌ಮನ್ ಆಗಿದ್ದ. ಅವನ ಸುತ್ತಿಗೆ ಹಳಿಯ ಮೇಲೆ, ನನ್ನ ಬ್ರಷ್ಷು ಇಂಜಿನ್ನಿನ ಮೇಲೆ, ಹೀಗೆ ನಾವಿಬ್ಬರೂ ಒಂದೇ ಅನ್ನದ ಎರಡು ತುದಿಯಲ್ಲಿದ್ದೆವು. ನಾನು ಕೆಲಸಕ್ಕೆ ಸೇರಿ ಎರಡನೇ ವರ್ಷ ನಮ್ಮ ಲೈನಿಗೆ ಹೊಸದಾಗಿ ವಿದ್ಯುತ್ ಇಂಜಿನ್ನುಗಳು ಬಂದವು. ನಾನೂರ ಹನ್ನೊಂದು ಅವುಗಳಲ್ಲಿ ಮೊದಲನೆಯದು. ಅಡಿಯಿಂದ ಮುಡಿಯವರೆಗೆ ಕಡು ಹಸಿರು ಬಳಿಯಬೇಕೆಂದು ಮೇಲಿನಿಂದ ಆಜ್ಞೆಯಾಗಿತ್ತು. ಆ ವಾರ ಆಳು ಕಡಿಮೆಯಿದ್ದುದರಿಂದ ಅದರ ಮೂತಿಯನ್ನು ಬಳಿದವನು ನಾನೇ. ಮೂರು ಕೋಟು. ಮುಖ ನೋಡಿಕೊಳ್ಳುವಷ್ಟು ಹೊಳಪು ಬಂದಿತ್ತು. ಮೇಸ್ತ್ರಿ ಬಂದು ನೋಡಿ, ಏನೂ ಮಾತಾಡದೆ ಹೋದರು. ನಮ್ಮ ಶೆಡ್ಡಿನಲ್ಲಿ ಅದಕ್ಕಿಂತ ದೊಡ್ಡ ಬಿರುದು ಇರಲಿಲ್ಲ.

ಹನ್ನೆರಡು ದಿನದ ನಂತರ ಒಂದು ಚಳಿಗಾಲದ ಬೆಳಿಗ್ಗೆ, ಮರಗಳ ನಡುವಿನ ಇಳಿಜಾರಿನಲ್ಲಿ ಅಣ್ಣನ ಗ್ಯಾಂಗು ಬೋಲ್ಟು ಬಿಗಿಮಾಡುತ್ತಿತ್ತು. ಮಂಜು ಇತ್ತು. ಉಗಿ ಇಂಜಿನ್ನಾಗಿದ್ದರೆ ಬರುವ ಸುದ್ದಿಯನ್ನು ಎರಡು ಮೈಲಿ ಮೊದಲೇ ಸಾರಿಕೊಂಡು ಬರುತ್ತಿತ್ತು, ಡೀಸೆಲ್ಲಾಗಿದ್ದರೆ ನೆಲ ನಡುಗಿಸುತ್ತಿತ್ತು. ಅವರ ಕಿವಿ ಪಳಗಿದ್ದು ಆ ಎರಡಕ್ಕೆ. ಇಳಿಜಾರಿನಲ್ಲಿ ಬೆಕ್ಕಿನ ಹಾಗೆ ಜಾರಿಕೊಂಡು ಬಂದ ಕಡು ಹಸಿರಿನ ಇಂಜಿನ್ನನ್ನು, ಕಡು ಹಸಿರಿನ ಮರಗಳ ನಡುವೆ, ಕಾವಲು ನಿಂತವನು ಕಂಡು ಸೀಟಿ ಊದುವಷ್ಟರಲ್ಲಿ ಅದು ಮೈಮೇಲೆ ಬಂದಾಗಿತ್ತು. ಮೂವರು ಹಾರಿದರು. ನಾಲ್ಕನೆಯವನು ನನ್ನ ಅಣ್ಣ. ಜೀವ ಉಳಿಯಿತು, ಬಲಗಾಲು ಮೊಣಕಾಲಿನಿಂದ ಕೆಳಗೆ ಉಳಿಯಲಿಲ್ಲ.

ಆ ಹಸಿರನ್ನು ಬಳಿದ ಕೈ ನನ್ನದು ಎಂಬುದನ್ನು ನಾನು ಅವನಿಗೆ ಹೇಳಲಿಲ್ಲ. ಹೇಳಬೇಕೆಂದು ಹೊರಟ ದಿನಗಳನ್ನು ಎಣಿಸಿದರೆ ತಮ್ಮ ರಿವೆಟ್ಟುಗಳ ಲೆಕ್ಕ ಸೋತೀತು.

ರಿಪೇರಿಗೆಂದು ಇಂಜಿನ್ನು ನಮ್ಮ ಶೆಡ್ಡಿಗೇ ವಾಪಸು ಬಂತು. ಮರುದಿನ ಮೇಸ್ತ್ರಿ ಯಾರನ್ನೂ ಕೇಳದೆ, ಕ್ರೇನುಗಳಿಗೆಂದು ತರಿಸಿದ್ದ ಹಳದಿಯ ಡಬ್ಬಿ ತೆಗೆಸಿದರು. ಮೂರು ಪಾಲು ಹಳದಿ, ಒಂದು ಪಾಲು ಕಿತ್ತಳೆ, ಒಂದು ಚಮಚ ಬಿಳಿ. ನಾನು ಕಲಸಿದೆ, ಅವರು ಬಳಿದರು. ಕಿಟಕಿಯ ಕೆಳಗಿನಿಂದ ಡಿಕ್ಕಿ ತಡೆಯುವ ಬಫರಿನವರೆಗೆ, ಹಿಂದೆ ಮುಂದೆ ಎರಡೂ ಮೂತಿಗೆ. ಮಧ್ಯಾಹ್ನ ದೊಡ್ಡ ಇಂಜಿನಿಯರು ಬಂದವರು ಹೌಹಾರಿ, “ಯಾರ್ರೀ ಅಪ್ಪಣೆ ಕೊಟ್ಟೋರು ಇದಕ್ಕೆ?” ಎಂದು ಕೂಗಿದರು. ಮೇಸ್ತ್ರಿ ಬ್ರಷ್ಷು ಕೆಳಗಿಡದೆ, “ಸ್ವಲ್ಪ ಒಣಗ್ಲಿ ಸಾರ್, ಆಮೇಲೆ ಬೈತೀರಂತೆ” ಎಂದರು. ಅವರಿಗೊಂದು ಮೆಮೊ ಬಂತು. ಒಂದೂವರೆ ತಿಂಗಳಿಗೆ ಮೇಲಿನಿಂದ ಆದೇಶವೂ ಬಂತು: ತಜ್ಞರ ಸಮಿತಿಯ ಆಳವಾದ ಅಧ್ಯಯನದ ಫಲವಾಗಿ ಇನ್ನು ಮುಂದೆ ಎಲ್ಲ ವಿದ್ಯುತ್ ಇಂಜಿನ್ನುಗಳ ಮೂತಿ ಹಳದಿಯಾಗಿರತಕ್ಕದ್ದು. ಮೇಸ್ತ್ರಿಯ ಮೆಮೊವನ್ನು ಮಾತ್ರ ಯಾರೂ ವಾಪಸು ಪಡೆಯಲಿಲ್ಲ.

ಆಸ್ಪತ್ರೆಯಿಂದ ಬಂದ ಅಣ್ಣನಿಗೆ ನಾನು ಇದನ್ನು ಹೇಳಿದೆ. “ನಿನ್ನಿಂದಾಗಿ ಮೂತಿಗೆಲ್ಲ ಹಳದಿ ಬಳಿದಿದ್ದಾರೆ ಅಣ್ಣ. ಇನ್ಮೇಲೆ ಎಷ್ಟು ಮಂಜಿದ್ರೂ ಕಾಣುತ್ತೆ.” ಅವನು ಗೋಡೆ ನೋಡುತ್ತ “ಹೌದಾ” ಎಂದ. ಅಷ್ಟೇ. ಆಮೇಲೆ ಹೊಲಿಗೆ ಕಲಿತ, ಹಳಿಯ ಸದ್ದೂ ಕೇಳದಷ್ಟು ದೂರದ ಬೀದಿಯಲ್ಲಿ ಅಂಗಡಿ ಹಾಕಿದ, ಒಂದೇ ಕಾಲಿನಲ್ಲಿ ಮೆಷಿನ್ನು ತುಳಿದು ಇಡೀ ಬೀದಿಗೆ ಬಟ್ಟೆ ತೊಡಿಸಿದ. ನಲವತ್ತನಾಲ್ಕು ವರ್ಷ ಅವನು ರೈಲು ಹತ್ತಲಿಲ್ಲ, ಹಳಿ ದಾಟಲಿಲ್ಲ, ಆ ಹಳದಿಯನ್ನು ಒಮ್ಮೆಯೂ ನೋಡಲಿಲ್ಲ. ಆದರೆ ಅಂಗಡಿಗೆ ಹಳೆಯ ಗ್ಯಾಂಗಿನವರು ಯಾರಾದರೂ ಬಂದರೆ, “ಮೂತಿ ಹಳದಿ ಮಾಡ್ಸಿದ್ದು ನಾನೇ ಕಣ್ರಯ್ಯ, ಒಂದು ಕಾಲು ಖರ್ಚಾಯ್ತು ಅಷ್ಟೆ” ಎಂದು ನಗಿಸುತ್ತಿದ್ದನಂತೆ. ಇದನ್ನು ನನಗೆ ಬೇರೆಯವರು ಹೇಳಿದರು.

ಹೀಗಿರುವಾಗ ತಮ್ಮ ಕಂಪನಿ ನಾನೂರ ಹನ್ನೊಂದನ್ನು ಪುಟಾಣಿ ಮಾಡಿ ಹೊರತಂದಿದೆ ಎಂದು ತಿಳಿದು, ಎಪ್ಪತ್ತೈದು ತುಂಬಿದ ದಿನ ಅವನ ಕೈಗೆ ಅದನ್ನಿಡಬೇಕೆಂದು ಆಸೆಪಟ್ಟೆ. ದೊಡ್ಡದರ ಹತ್ತಿರ ಹೋಗಲಾರದವನು ಚಿಕ್ಕದನ್ನಾದರೂ ನೋಡಲಿ ಎಂಬುದು ನನ್ನ ಬುದ್ಧಿವಂತಿಕೆ. ಪೆಟ್ಟಿಗೆಯನ್ನು ನಾನು ಮುಂಚೆ ಬಿಚ್ಚಿ ನೋಡಲಿಲ್ಲ. ತಮ್ಮ ಪ್ರಮಾಣಪತ್ರದ ಮೇಲೆ ನನಗೆ ಅಷ್ಟು ವಿಶ್ವಾಸ.

ಅವನು ಕತ್ತರಿಯಿಂದ ದಾರ ಕತ್ತರಿಸಿ, ಹತ್ತಿಯ ಮೆತ್ತೆಯಿಂದ ಇಂಜಿನ್ನನ್ನು ಎತ್ತಿ, ಕಿಟಕಿಯ ಬೆಳಕಿಗೆ ಹಿಡಿದ. ತಿರುಗಿಸಿದ. ಮತ್ತೆ ತಿರುಗಿಸಿದ.

“ಹಳದಿ ಎಲ್ಲೋ?”

“ಅದೇ ಅಣ್ಣ, ಮುಂದುಗಡೆ…”

“ಇದು ಕೆನೆ ಕಣೋ. ಇಷ್ಟು ವರ್ಷ ಬಟ್ಟೆಗೆ ನೂಲು ಹೊಂದಿಸಿದವನಿಗೆ ಬಣ್ಣ ಹೇಳ್ಕೊಡ್ಬೇಡ.” ಆಮೇಲೆ ಪ್ರಮಾಣಪತ್ರ ಓದಿದ. ಎರಡು ಸಲ ಓದಿದ. ಮಡಿಸಿಟ್ಟು, ನನ್ನ ಮೇಲೆ ಸಿಟ್ಟಿಲ್ಲದ ದನಿಯಲ್ಲಿ, “ಹೋಗ್ಲಿ ಬಿಡೋ. ನನ್ನ ಸಮಾಧಾನಕ್ಕೆ ಹೇಳಿದ್ದೆ ಅಲ್ವಾ? ಒಳ್ಳೇದೇ ಮಾಡ್ದೆ. ಆಗ ಅದು ಬೇಕಾಗಿತ್ತು” ಎಂದ.

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ, ಮಾನ್ಯರೇ. ಕ್ಷಮಿಸಿಬಿಟ್ಟ. ನಾನು ಹೇಳದ ಸುಳ್ಳಿಗೆ ಕ್ಷಮೆ ಸಿಕ್ಕಿತು, ಹೇಳಬೇಕಾಗಿದ್ದ ನಿಜ ಹೊಟ್ಟೆಯಲ್ಲೇ ಉಳಿಯಿತು. ದಾರಿಯಲ್ಲಿ ನನ್ನ ಮನೆಯವಳು, “ರೀ, ನಿಜವಾಗ್ಲೂ ಹಳದಿನೇ ತಾನೇ?” ಎಂದು ಕೇಳಿದಳು. ನಾನು ಕಣ್ಣು ಕೆಂಪಗೆ ಮಾಡಿದೆ. “ಅಲ್ಲಾರೀ, ಅದರ ಮೇಲೆ ನೂರಕ್ಕೆ ನೂರು ಅಂತ ಬರ್ದಿದೆ. ನಿಮ್ಮ ಮೇಲೆ ಎಲ್ಲೂ ಹಾಗೆ ಬರ್ದಿಲ್ಲವಲ್ಲ” ಎಂದಳು.

ಮರುದಿನವೇ ತಮಗೆ ಮೊದಲ ಪತ್ರ ಬರೆದೆ. ‘ನಿಮ್ಮ ಕಂಪ್ಯೂಟರ್ ಪರದೆಯ ಹೊಳಪನ್ನು ಸರಿಪಡಿಸಿಕೊಂಡು ಮತ್ತೊಮ್ಮೆ ನೋಡಿ’ ಎಂದು ತಾವು ಕೃಪೆಯಿಂದ ಉತ್ತರಿಸಿದಿರಿ. ನಾನು ಅದನ್ನು ನೋಡಿದ್ದು ಕಿಟಕಿಯ ಬಳಿ, ಕೈಯಲ್ಲಿ ಹಿಡಿದು. ಸರಿಪಡಿಸಿಕೊಳ್ಳಬೇಕಾದ ಹೊಳಪು ಸೂರ್ಯನದಾಗಿದ್ದರಿಂದ ನನ್ನಿಂದಾಗಲಿಲ್ಲ. ಎರಡನೆಯ ಪತ್ರಕ್ಕೆ ತಾವು, ಬಣ್ಣವನ್ನು ಹಳೆಯ ಕಡತದ ಫೋಟೋ ಒಂದರಿಂದ ನಲವತ್ತು ಬಿಂದುಗಳಲ್ಲಿ ಯಂತ್ರ ಹಿಡಿದು ಅಳೆದದ್ದಾಗಿ ತಿಳಿಸಿ, ಆ ಫೋಟೋದ ಪ್ರತಿಯನ್ನೂ ಕಳಿಸಿದಿರಿ. ನೋಡಿದೊಡನೆ ಗುರುತು ಸಿಕ್ಕಿತು. ಅದು ನಮ್ಮ ಕಾರ್ಖಾನೆಯ ಕಚೇರಿ ಪಡಸಾಲೆಯಲ್ಲಿ, ಪಶ್ಚಿಮದ ಕಿಟಕಿಗೆ ಎದುರಾಗಿ ಇಪ್ಪತ್ತು ವರ್ಷ ತೂಗಿದ್ದ ಫೋಟೋ. ಬಿಸಿಲಿಗೆ ಮೊದಲು ಸಾಯುವ ಬಣ್ಣ ಹಳದಿ. ಅದೇ ಫೋಟೋದಲ್ಲಿ ಇಂಜಿನ್ನಿನ ಪಕ್ಕ ನಿಂತ ದೊಡ್ಡ ಇಂಜಿನಿಯರ ಮುಖ ತಿಳಿ ನೀಲಿಯಾಗಿದೆ; ಅವರು ಬದುಕಿದ್ದಾಗ ಹಾಗಿರಲಿಲ್ಲವೆಂದು ಪ್ರಮಾಣ ಮಾಡಿ ಹೇಳಬಲ್ಲೆ. ಅವರ ಪುಟಾಣಿ ಮಾದರಿಯನ್ನು ತಾವು ಹೊರತರುವುದಾದರೆ ದಯಮಾಡಿ ನನ್ನನ್ನೊಂದು ಮಾತು ಕೇಳಿ.

ಮೂರನೆಯ ಉತ್ತರವಂತೂ ಚಿನ್ನದ ಕಟ್ಟು ಹಾಕಿಸಬೇಕಾದದ್ದು. ಚಿಕ್ಕ ಮಾದರಿಯನ್ನು ನೋಡುವುದೆಂದರೆ ದೊಡ್ಡ ಇಂಜಿನ್ನನ್ನು ದೂರದಿಂದ ನೋಡಿದಂತೆ. ದೂರದಿಂದ ಎಲ್ಲ ಬಣ್ಣವೂ ಮಂಕಾಗಿ ಕಾಣುವುದರಿಂದ ಉದ್ದೇಶಪೂರ್ವಕವಾಗಿಯೇ ಹಳದಿಯನ್ನು ತಿಳಿಗೊಳಿಸಿ ಕೆನೆಯಾಗಿಸಲಾಗಿದೆ ಎಂದು ತಾವು ವಿವರಿಸಿದಿರಿ. ಅದನ್ನು ಅಣ್ಣನಿಗೆ ಓದಿ ಹೇಳಿದೆ. ಅವನು ಬಾಯಲ್ಲಿದ್ದ ಸೂಜಿ ತೆಗೆದು, “ದೂರದಿಂದ ಕಾಣದ ಬಣ್ಣ ಬೇಕಿದ್ರೆ ಹಸಿರೇ ಸಾಕಾಗಿತ್ತಲ್ಲೋ” ಎಂದ.

ತಮ್ಮ ತರ್ಕಕ್ಕೆ ನಾನು ಮನಸಾರೆ ತಲೆಬಾಗಿ, ಒಂದು ಸಣ್ಣ ಬೇಡಿಕೆಯನ್ನು ಇಲ್ಲಿ ದಾಖಲಿಸಲು ಬಯಸುತ್ತೇನೆ. ಮೂತಿಗೆ ಇದ್ದದ್ದು ಕೆನೆ ಎಂಬುದು ತಮ್ಮ ಪ್ರಮಾಣಪತ್ರದಿಂದ ಸಿದ್ಧವಾದರೆ, ಹಳದಿ ಬಳಿದಿರಲಿಲ್ಲ ಎಂದಾಯಿತು. ಬಳಿಯಬೇಕಾದ ಕಾರಣವೂ ಇರಲಿಲ್ಲ ಎಂದಾಯಿತು. ಆದ್ದರಿಂದ ನನ್ನ ಅಣ್ಣನ ಬಲಗಾಲು ತಮ್ಮ ಬಳಿಯೇ ಎಲ್ಲೋ ಸುರಕ್ಷಿತವಾಗಿರಬೇಕು. ದಯವಿಟ್ಟು ಅದನ್ನು ಅವನ ಅಂಗಡಿಯ ವಿಳಾಸಕ್ಕೆ ಕಳಿಸಿಕೊಡುವುದು. ಎಂಬತ್ತೇಳರಲ್ಲಿ ಒಂದರ ಅಳತೆಯಲ್ಲಿ ಕಳಿಸಬೇಡಿ. ಅರ್ಧ ಸೆಂಟಿಮೀಟರ್ ಕಾಲಿನಿಂದ ಮೆಷಿನ್ನು ತುಳಿಯುವುದು ಕಷ್ಟ. ಬಣ್ಣ ತಮ್ಮ ಇಷ್ಟ.

ಇಷ್ಟಕ್ಕೇ ನಿಂತಿದ್ದರೆ ನಾನೂ ಸುಮ್ಮನಾಗುತ್ತಿದ್ದೆನೇನೋ. ಆದರೆ ತಮ್ಮ ಔದಾರ್ಯ ನಿಲ್ಲುವ ಜಾತಿಯದಲ್ಲ. ಕಳೆದ ತಿಂಗಳು ಪತ್ರಿಕೆಯಲ್ಲಿ ಸುದ್ದಿ ಬಂತು: ರೈಲು ಸಂಗ್ರಹಾಲಯದ ಅಂಗಳದಲ್ಲಿ ನಿಂತಿರುವ ನಿಜವಾದ ನಾನೂರ ಹನ್ನೊಂದಕ್ಕೆ ಅದರ ಮೂಲ ಬಣ್ಣವನ್ನು ಮರಳಿ ಬಳಿಯಲಾಗುವುದು, ಬಣ್ಣವನ್ನು ತಮ್ಮ ಕಂಪನಿ ದಾನವಾಗಿ ಕೊಡುತ್ತದೆ, ತಮ್ಮ ಪ್ರಮಾಣೀಕೃತ ಮಾದರಿಯನ್ನೇ ಆಧಾರವಾಗಿ ಇಟ್ಟುಕೊಳ್ಳಲಾಗುವುದು. ಮಾದರಿ ಇಂಜಿನ್ನಿನ ಹಾಗಿಲ್ಲ ಎಂದು ನಾನು ಮೂರು ಪತ್ರ ಬರೆದದ್ದಕ್ಕೆ, ಇಂಜಿನ್ನನ್ನೇ ಮಾದರಿಯ ಹಾಗೆ ಮಾಡಲು ಹೊರಟಿರಲ್ಲ, ಇಂಥ ಗ್ರಾಹಕ ಸೇವೆಯನ್ನು ನಾನು ನನ್ನ ಜೀವಮಾನದಲ್ಲಿ ಕಂಡಿಲ್ಲ.

ಬಣ್ಣದ ಕೆಲಸ ಶುರುವಾದ ದಿನ ನಾನು ಸಂಗ್ರಹಾಲಯಕ್ಕೆ ಹೊರಟೆ. ಅಣ್ಣನನ್ನು ಕರೆದೆ, ತಲೆ ಎತ್ತದೆ “ಕೆಲ್ಸ ಇದೆ” ಎಂದ. ಅವನನ್ನು ಎಬ್ಬಿಸಿದ್ದು ನನ್ನ ಮನೆಯವಳು. “ಭಾವ, ನೀವು ಬರದೇ ಇದ್ರೆ ಇವರು ಅಲ್ಲಿ ಒಬ್ರೇ ಹೋಗಿ ಜಗಳ ಆಡಿ ಬರ್ತಾರೆ. ನನ್ನ ಕೈಲಿ ಹಿಡಿಯೋಕಾಗಲ್ಲ. ಹಿಡ್ಕೊಳ್ಳೋಕಾದ್ರೂ ಬನ್ನಿ.” ಅವನು ಟೇಪನ್ನು ಕುತ್ತಿಗೆಯಲ್ಲೇ ಬಿಟ್ಟು, ಊರುಗೋಲು ತೆಗೆದುಕೊಂಡ.

ಇಂಜಿನ್ನು ಅಂಗಳದಲ್ಲಿ ಎಂಬತ್ತು ಅಡಿ ಉದ್ದದ, ಎಲ್ಲಿಗೂ ಹೋಗದ ಹಳಿಯ ತುಂಡಿನ ಮೇಲೆ ನಿಂತಿತ್ತು. ಮೇಲೆ ತಂತಿಯಿಲ್ಲ. ಕೊನೆಗಾಲದಲ್ಲಿ ಬಳಿದ ನೀಲಿ ಮಾಸಿ ಬೂದಿಯಾಗಿತ್ತು. ಗೇಟಿನೊಳಗೆ ಬಂದ ಅಣ್ಣ ಇಪ್ಪತ್ತು ಹೆಜ್ಜೆ ದೂರದಲ್ಲೇ ನಿಂತುಬಿಟ್ಟ. ಬಣ್ಣದ ಕೆಲಸಕ್ಕೆ ಬಂದ ಹುಡುಗಿ ಮೂತಿಯ ಮುಂದೆ ಏಣಿ ಹಾಕಿಕೊಂಡು ಸ್ಯಾಂಡ್ ಪೇಪರಿನಿಂದ ಹಳೆಯ ಪದರ ಉಜ್ಜುತ್ತಿದ್ದಳು. ಪಕ್ಕದಲ್ಲಿ ಸಂಗ್ರಹಾಲಯದ ಮೇಲ್ವಿಚಾರಕರು, ಗಾಜಿನ ಪೆಟ್ಟಿಗೆಯಲ್ಲಿ ತಮ್ಮ ಕಂಪನಿಯ ಮಾದರಿಯನ್ನು ಎದೆಗವಚಿಕೊಂಡು ನಿಂತಿದ್ದರು. ಸಜ್ಜನರು. ನನ್ನ ಮಾತನ್ನೆಲ್ಲ ಕೇಳಿ, “ಹಿರಿಯರೇ, ನಿಮ್ಮ ನೆನಪಿನ ಮೇಲೆ ನಮಗೆ ಗೌರವ ಇದೆ. ಆದ್ರೆ ನೆನಪಿಗೆ ಪ್ರಮಾಣಪತ್ರ ಇರಲ್ವಲ್ಲ” ಎಂದರು.

ನಾನು ವಾದ ಬಿಟ್ಟು ಹುಡುಗಿಯ ಕಡೆ ತಿರುಗಿ, “ತಾಯಿ, ಒಂದೇ ಜಾಗದಲ್ಲಿ, ಅಂಗೈಯಗಲ, ನಿಧಾನಕ್ಕೆ ಉಜ್ಜು. ತಗಡಿನವರೆಗೂ ಹೋಗ್ಬೇಡ” ಎಂದೆ. ಅವಳು ನನ್ನ ಉಗುರುಗಳನ್ನು ನೋಡಿದಳು. ಮೂವತ್ತೈದು ವರ್ಷದ ಬಣ್ಣ ಉಗುರಿನ ಬುಡದಿಂದ ಪೂರ್ತಿ ಹೋಗುವುದಿಲ್ಲ. ಮೇಲ್ವಿಚಾರಕರ ಅಪ್ಪಣೆಗೆ ಕಾಯದೆ ಉಜ್ಜತೊಡಗಿದಳು. ನೀಲಿ ಹೋಯಿತು. ಅದರಡಿ ಬಿಳಿ. ಬಿಳಿಯಡಿ ಕೆಮ್ಮಣ್ಣಿನ ಬಣ್ಣದ ಪ್ರೈಮರು. ಆಮೇಲೆ ಕೈ ನಿಲ್ಲಿಸಿ, ಬಾಯಿಂದ ಧೂಳು ಊದಿ, “ಬನ್ನಿ ಇಲ್ಲಿ” ಎಂದಳು.

ಹಳದಿ. ಮೂರು ಪಾಲು, ಒಂದು ಪಾಲು, ಒಂದು ಚಮಚ. ಆ ವೃತ್ತದ ಅಂಚಿನಲ್ಲಿ, ಅವಳ ಕೈ ಕೊಂಚ ಹೆಚ್ಚು ಒತ್ತಿದ ಕಡೆ, ಹಳದಿಯ ಅಡಿಯಿಂದ ಉಗುರಿನಷ್ಟು ಹಸಿರು.

ಊರುಗೋಲಿನ ಸದ್ದು ಹತ್ತಿರ ಬಂತು. ಅಣ್ಣ ಬಂದು ನನ್ನ ಪಕ್ಕ ನಿಂತ. ಹಳಿಯ ಪಕ್ಕ. ಅಂಗೈಯನ್ನು ಆ ಹಳದಿಯ ಮೇಲಿಟ್ಟ.

“ಸುಳ್ಳಲ್ಲ” ಎಂದ.

“ಅಲ್ಲ ಅಣ್ಣ.”

“ಅಡಿಯಲ್ಲಿರೋ ಹಸಿರು?”

ಮಾನ್ಯರೇ, ತಮ್ಮ ಯಂತ್ರದಿಂದ ಅಳೆಯಲಾಗದ ಒಂದು ಬಣ್ಣ ಆಗ ನನ್ನ ಮುಖದಲ್ಲಿದ್ದಿರಬೇಕು. “ಅದು ನಂದು. ನಾನೇ ಬಳಿದಿದ್ದು. ಹನ್ನೆರಡು ದಿನ ಮುಂಚೆ” ಎಂದೆ. ಅವನು ತಿರುಗಿ ನೋಡಲಿಲ್ಲ. ಹೊಲಿಗೆಯವನ ಬೆರಳಿನಿಂದ ಆ ಉಗುರಿನಷ್ಟು ಹಸಿರನ್ನು ತಡವಿದ, ಬಟ್ಟೆಯ ಅಂಚು ನೋಡುವ ಹಾಗೆ. ಆಮೇಲೆ, “ಚೆನ್ನಾಗಿ ಹಿಡಿದಿದೆ ಕಣೋ” ಎಂದ. “ಇಷ್ಟು ವರ್ಷ ಆದ್ರೂ ಎದ್ದಿಲ್ಲ.”

ನಾನು ಅಲ್ಲೇ ಇದ್ದ ಬಣ್ಣದ ಡಬ್ಬಿಯ ಮೇಲೆ ಕೂತುಬಿಟ್ಟೆ. ತಮ್ಮ ಕಂಪನಿ ದಾನ ಕೊಟ್ಟ ಡಬ್ಬಿ. ಕೂರಲು ಯೋಗ್ಯವಾಗಿತ್ತು ಎಂದು ಕೃತಜ್ಞತೆಯಿಂದ ದಾಖಲಿಸುತ್ತೇನೆ.

ಮೇಲ್ವಿಚಾರಕರು ಕೂಡಲೇ ತಮ್ಮ ಕಂಪನಿಯ ಬಣ್ಣ ನಿಖರತಾ ವಿಭಾಗಕ್ಕೆ ಫೋನು ಮಾಡಿದರು. ಹಳೆಯ ಕೆನೆ ಬಣ್ಣವು ಕಾಲಕ್ರಮೇಣ ಬಿಸಿಲಿಗೆ ಹಳದಿಗೆ ತಿರುಗುವುದು ಸಹಜ, ಗಾಬರಿಯಾಗಬೇಡಿ ಎಂದು ಅಲ್ಲಿಂದ ಉತ್ತರ ಬಂತು. ಹುಡುಗಿ ಏಣಿಯ ಮೇಲಿಂದಲೇ, “ಸಾರ್, ಮೂರು ಪದರದ ಕೆಳಗೆ ಬಿಸಿಲು ಹೇಗೆ ಹೋಯ್ತು ಅಂತ ಅವರನ್ನೇ ಕೇಳಿ” ಎಂದಳು. ಮೇಲ್ವಿಚಾರಕರು ಫೋನಿನ ಕಡೆ ನೋಡಿದರು, ಹಳದಿಯ ಕಡೆ ನೋಡಿದರು, ಅಣ್ಣನ ಮಡಿಸಿ ಪಿನ್ನು ಹಾಕಿದ ಪ್ಯಾಂಟಿನ ಕಾಲಿನ ಕಡೆ ನೋಡಿದರು. ಅವರ ಸಂಕಟ ನನಗೆ ಅರ್ಥವಾಯಿತು: ಕಣ್ಣಿಗೆ ಕಂಡದ್ದನ್ನು ಬಿಡುವಂತಿಲ್ಲ, ದಾನಿಗಳನ್ನು ಬಿಡುವಂತಿಲ್ಲ. ಅರ್ಧ ಗಂಟೆ ಒಳಗೆ ಹೋಗಿ ಕೂತು, ಹೊರಗೆ ಬಂದು ತೀರ್ಪು ಕೊಟ್ಟರು. ವಿದ್ಯುತ್ ಇಂಜಿನ್ನಿಗೆ ಹೇಗೂ ಎರಡು ಮೂತಿ. ಪ್ರವಾಸಿಗರ ಗೇಟಿನ ಕಡೆಗಿರುವುದಕ್ಕೆ ಕೆನೆ. ಹಿಂದಿನ ಗೋಡೆಯ ಕಡೆಗಿರುವುದಕ್ಕೆ ಹಳದಿ.

ನಾನು ಬಾಯಿ ತೆರೆದೆ. ಅಣ್ಣ ನನ್ನ ತೋಳು ಹಿಡಿದ. “ಆಗ್ಲಿ ಬಿಡೋ. ಒಂದಾದ್ರೂ ಇರ್ಲಿ.”

ಆ ಹಳದಿಯನ್ನು ನಾನೇ ಕಲಸಿದೆ. ಬಳಿದದ್ದು ಆ ಹುಡುಗಿ. ಅವಳ ಕೈ ಗಟ್ಟಿ, ಗೆರೆ ನೇರ. ಮೂರನೆಯ ದಿನ ಒಣಗಿದ ಮೇಲೆ ಅಣ್ಣನನ್ನು ಮತ್ತೆ ಕರೆದುಕೊಂಡು ಹೋದೆ. ಈ ಸಲ ಯಾರೂ ಪುಸಲಾಯಿಸಬೇಕಾಗಲಿಲ್ಲ. ಮೂತಿಗೂ ಗೋಡೆಗೂ ನಡುವೆ ಎಂಟು ಅಡಿ ಜಾಗ. ಅವನು ಅಲ್ಲಿ ನಿಂತು ನೋಡಿ, “ಇಷ್ಟು ಹತ್ರದಿಂದ ಕಂಡ್ರೆ ಏನು ಪ್ರಯೋಜನ” ಎಂದ. ಗೋಡೆಯಲ್ಲಿ ಕಸ ಸಾಗಿಸುವ ತಗಡಿನ ಗೇಟೊಂದಿತ್ತು. ಕಾವಲಿನವನಿಂದ ಅದನ್ನು ತೆಗೆಸಿ, ಹೊರಗಿನ ಬಯಲಿಗೆ ಇಳಿದ. ನಾನು ಹಿಂದೆ ಹೋಗಹೊರಟರೆ ಕೈಯಾಡಿಸಿ ತಡೆದ. ಊರುಗೋಲು ಊರುತ್ತ, ಕಲ್ಲು ನೋಡಿಕೊಂಡು, ಬಯಲು ದಾಟಿ, ರಸ್ತೆ ದಾಟಿ, ಆಚೆಯ ದಿಬ್ಬ ಹತ್ತಿ, ನನ್ನ ಕಣ್ಣಿಗೆ ಅವನೇ ಬೆರಳಿನಷ್ಟಾದ ಮೇಲೆ ತಿರುಗಿ ನಿಂತ. ಎಷ್ಟು ಹೊತ್ತು ನಿಂತಿದ್ದನೋ. ಕಾವಲಿನವನು ಎರಡು ಸಲ ಗೇಟು ಹಾಕಬೇಕು ಎಂದ, ಎರಡು ಸಲವೂ ಹಾಕಲಿಲ್ಲ.

ವಾಪಸು ಬಂದಾಗ ಬೆವರಿದ್ದ, ಉಸಿರು ಕಟ್ಟಿತ್ತು.

“ಕಾಣ್ತದೆ” ಎಂದ. ಸುಧಾರಿಸಿಕೊಂಡು ಇನ್ನೊಂದು ಮಾತು ಸೇರಿಸಿದ: “ಅಷ್ಟು ದೂರದಿಂದ ಕಂಡಿದ್ರೆ, ಹಾರೋದಲ್ಲ, ಬೀಡಿ ಹಚ್ಚಿ ಪಕ್ಕಕ್ಕೆ ಬರಬಹುದಾಗಿತ್ತು ಕಣೋ.”

ಹೀಗೆ ನನ್ನ ದೂರು ಬಹುಪಾಲು ತೀರಿತು. ಉಳಿದದ್ದು ಕೃತಜ್ಞತೆ. ನಿನ್ನೆ ತಮ್ಮ ಹೊಸ ಪ್ರಕಟಣೆ ಕೈಸೇರಿತು: ಒಂದು ಮೂತಿ ಕೆನೆ, ಒಂದು ಮೂತಿ ಹಳದಿಯಿರುವ ನಾನೂರ ಹನ್ನೊಂದರ ವಿಶೇಷ ಆವೃತ್ತಿ, ಸಂಗ್ರಹಾಲಯದಲ್ಲಿರುವ ಮೂಲ ಇಂಜಿನ್ನಿನ ತದ್ರೂಪ, ಬಣ್ಣ ನೂರಕ್ಕೆ ನೂರು ನೈಜ. ನಾನು ಇವತ್ತು ಬೆಳಿಗ್ಗೆ ಸಂಗ್ರಹಾಲಯಕ್ಕೆ ಹೋಗಿ, ಚಿತ್ರವನ್ನು ಇಂಜಿನ್ನಿನ ಪಕ್ಕ ಹಿಡಿದು, ಒಂದು ಸುತ್ತು ಹಾಕಿ ನೋಡಿದೆ. ತಪ್ಪಿಲ್ಲ. ಒಂದೇ ಒಂದು ತಪ್ಪಿಲ್ಲ. ಮಾದರಿ ಇಂಜಿನ್ನಿನ ಹಾಗಿದೆ, ಇಂಜಿನ್ನು ಮಾದರಿಯ ಹಾಗಿದೆ, ಪ್ರಪಂಚದಲ್ಲಿ ಹಾಗೆ ಯಾವತ್ತೂ ಓಡದ ಇಂಜಿನ್ನೊಂದು ಎರಡು ಅಳತೆಗಳಲ್ಲಿ ನಿಖರವಾಗಿ ನಿಂತಿದೆ. ಈ ಸಾಧನೆಯ ಮುಂದೆ ಬಣ್ಣ ಕಲಸಿದವನ ಕಣ್ಣಿಗೆ ಏನು ಬೆಲೆ? ಆದ್ದರಿಂದ ಇನ್ನು ಮುಂದೆ ತಮ್ಮ ವಿಭಾಗವನ್ನು ಇಂಜಿನ್ನುಗಳಿಗಷ್ಟೇ ಸೀಮಿತಗೊಳಿಸಬಾರದೆಂದೂ, ಸಾಯಂಕಾಲದ ಆಕಾಶ, ಮಾವಿನ ಚಿಗುರು, ನನ್ನ ಮನೆಯವಳ ತಲೆಗೂದಲು ಮೊದಲಾದವನ್ನೂ ತಮ್ಮ ಪಟ್ಟಿಗೆ ಹೊಂದುವಂತೆ ತಿದ್ದಿಕೊಡಬೇಕೆಂದೂ ಪ್ರಾರ್ಥಿಸುತ್ತೇನೆ. ಕೊನೆಯದಕ್ಕೆ ಅವಳ ಒಪ್ಪಿಗೆಯನ್ನು ತಾವೇ ಪಡೆಯತಕ್ಕದ್ದು.

ತಮ್ಮ ಪ್ರಮಾಣಪತ್ರವೊಂದನ್ನು ಬಿಟ್ಟು ಮಿಕ್ಕೆಲ್ಲದರಲ್ಲಿ ತಮ್ಮ ವಿಶ್ವಾಸಿ,

ಬಣ್ಣದ ಶೆಡ್ಡಿನ ಡಬ್ಬಿ

ತಾ.ಕ.: ತಮ್ಮ ಪೆಟ್ಟಿಗೆಯ ತಳದಲ್ಲಿ ಸಣ್ಣ ಅಕ್ಷರಗಳಲ್ಲಿ ‘ಈ ವಸ್ತುವು ಮೂರು ವರ್ಷದೊಳಗಿನ ಮಕ್ಕಳಿಗೆ ಯೋಗ್ಯವಲ್ಲ’ ಎಂಬ ಎಚ್ಚರಿಕೆಯಿದೆ. ಮುಂದಿನ ಸಲ ಅಚ್ಚು ಹಾಕಿಸುವಾಗ ಅದರ ಕೆಳಗೆ ಇನ್ನೊಂದು ಸಾಲು ಸೇರಿಸಿದರೆ ಗ್ರಾಹಕರಿಗೆ ಉಪಕಾರವಾಗುತ್ತದೆ: ‘ನಿಜವಾದ ಇಂಜಿನ್ನನ್ನು ಕಂಡವರಿಗೂ ಯೋಗ್ಯವಲ್ಲ.’ ಅಕ್ಷರ ಹಳದಿಯಲ್ಲಿರಲಿ, ದೂರದಿಂದ ಕಾಣ್ತದೆ.